ದೊಡ್ಡ ಅಣು ಪೊರೆ ದಾಟೂದನ್ನ ಮಕ್ಕಳ ಕಣ್ಣಿಗೆ ತೋರಿಸೂದು ಹೆಂಗ?

ಪ್ರಶ್ನೆ (ವಿಜಯಪುರ)
ಎಂಡೋಸೈಟೋಸಿಸ್ (ಕೋಶದ ಪೊರೆ ಒಳಗ ಮಡಚಿ ಹೊರಗಿನ ವಸ್ತುವನ್ನ ಗುಳ್ಳಿಯೊಳಗ ತಗೋಳೂದು) ಬಗ್ಗೆ ಕೇಳಿದ್ರ ಪಿಯುಸಿ ಮಕ್ಕಳು "ಪೊರೆಗೆ ತೂತು ಬಿದ್ದು ಪ್ರೋಟೀನ್ ಒಳಗ ಬರ್ತೈತಿ" ಅಂತ ಬರೀತಾರ. ಕೆರೆ ನೀರಿಗೆ ಕಣಿಕಿ ಹಾಕಿ ಪ್ಯಾರಮೀಸಿಯಂ ಅನ್ನೂ ಏಕಕೋಶ ಜೀವಿ ಬೆಳೆಸೇವಿ. ಕಾಂಗೋ ರೆಡ್ ಅನ್ನೂ ಬಣ್ಣ ಹಾಕಿದ ಯೀಸ್ಟ್ ತಿನ್ನಿಸಿದ್ರ ಸ್ಲೈಡೆಲ್ಲಾ ಕೆಂಪಾಗಿ ಒಳಗಿಂದು ಏನೂ ಕಾಣವಲ್ದು. ಎಲ್ಲಿ ತಪ್ಪಾಗೈತ್ರಿ?

ಉತ್ತರ 1 (ಬಾಗಲಕೋಟೆ)
ಯೀಸ್ಟಿಗೆ ಹತ್ತದ ಬಣ್ಣ ನೀರಿನ್ಯಾಗ ಉಳದೈತ್ರಿ. 10 ಮಿ.ಲೀ. ನೀರಿಗೆ ಬೇಕರಿ ಯೀಸ್ಟ್ 3 ಗ್ರಾಂ, ಕಾಂಗೋ ರೆಡ್ 30 ಮಿಲಿಗ್ರಾಂ ಸಾಕು. ಸಣ್ಣ ಉರಿ ಮ್ಯಾಲೆ 10 ನಿಮಿಷ ಕುದಿಸ್ರಿ. ಜೀವಂತ ಯೀಸ್ಟ್ ಬಣ್ಣ ಸರಿಯಾಗಿ ಹಿಡಿಯೂದಿಲ್ಲ. ಆರಿದ ಮ್ಯಾಲೆ ಯೀಸ್ಟ್ ತಳಕ್ಕ ಕೂಡ್ತೈತಿ. ಮ್ಯಾಲಿನ ಕೆಂಪು ನೀರು ಚೆಲ್ಲಿ, ಎರಡು ಸಲ ಬರೇ ನೀರಿನ್ಯಾಗ ತೊಳೀರಿ. ಕೈಗವಸು ಬೇಕೇ ಬೇಕು, ಆ ಬಣ್ಣ ಮೈಗೆ ಒಳ್ಳೇದಲ್ಲ.

ಸ್ಲೈಡಿನ ಹನಿಗೆ ಕಡ್ಡಿ ತುದಿಯಷ್ಟೇ ಯೀಸ್ಟ್ ಹಾಕ್ರಿ. ಹತ್ತಿ ಎಳಿ ಬಿಡಿಸಿ ಇಟ್ರ ಪ್ಯಾರಮೀಸಿಯಂ ಅದರೊಳಗ ಸಿಕ್ಕೊಂಡು ನಿಧಾನ ಆಗ್ತಾವು. ಕವರ್ ಸ್ಲಿಪ್ ಒತ್ತಿದ್ರ ಒಡೀತಾವು. ಮೊದಲು ಬಾಯಿ ಹತ್ರ ಕೆಂಪು ಗುಳ್ಳಿ ಕಾಣ್ತೈತಿ. ಐದಾರು ನಿಮಿಷದಾಗ ಅದೇ ಗುಳ್ಳಿ ನೇರಳೆ, ಆಮೇಲೆ ನೀಲಿ. ಪಿಎಚ್ 5ರ ಮ್ಯಾಲೆ ಈ ಬಣ್ಣ ಕೆಂಪು, 3ರ ಕೆಳಗ ನೀಲಿ; ಗುಳ್ಳಿಯೊಳಗ ಆಮ್ಲ ತುಂಬಿದ್ದು ಹಂಗ ಗೊತ್ತಾಗ್ತೈತಿ. ಕಲ್ಚರ್ ನೆರಳಿನ್ಯಾಗ ಇಡ್ರಿ, ನಮ್ಮ ಕಡೆ ಬ್ಯಾಸಗಿ ಬಿಸಲಿಗೆ ಉಳಿಯಂಗಿಲ್ಲ.

ಉತ್ತರ 2 (ಬೆಳಗಾವಿ)
ಆ ನೀಲಿ ಗುಳ್ಳಿ ತೋರಿಸಿ ಒಂದು ಮಾತು ಕೇಳ್ರಿ: ಯೀಸ್ಟ್ ಈಗ ಕೋಶದ ಒಳಗೈತೋ ಹೊರಗೋ? ಪೊರೆ ದಪ್ಪ 7–8 ನ್ಯಾನೋಮೀಟರ್, ಯೀಸ್ಟ್ ಸುಮಾರು 5 ಮೈಕ್ರೋಮೀಟರ್. ತೂತಿನಿಂದ ಬಂದಿದ್ರ ಕೋಶ ಉಳೀತಿರಲಿಲ್ಲ. ಪೊರೆನೇ ಒಳಗ ಮಡಚಿ ಯೀಸ್ಟನ್ನ ಸುತ್ತೈತಿ, ಅಂದ್ರ ಯೀಸ್ಟ್ ಇನ್ನೂ ಪೊರೆ ದಾಟಿಲ್ಲ. ಪೊರೆ ದಾಟಿ ಸೈಟೋಸಾಲಿಗೆ (ಕೋಶದೊಳಗಿನ ದ್ರವಕ್ಕ) ಬರೂದು ಜೀರ್ಣ ಆದ ಮ್ಯಾಲಿನ ಅಮೈನೋ ಆಮ್ಲ, ಸಕ್ಕರಿಯಂಥ ಸಣ್ಣ ಅಣುಗಳು, ಅವೂ ವಾಹಕ ಪ್ರೋಟೀನ್ ಹಿಡಕೊಂಡು.

ನಮ್ಮ ದೇಹದಾಗ ಎಲ್‌ಡಿಎಲ್ (ರಕ್ತದಾಗ ಕೊಲೆಸ್ಟ್ರಾಲ್ ಹೊರೂ ಕಣ) ಹಿಂಗೇ ಬರ್ತೈತಿ. ಪೊರೆ ಮ್ಯಾಲಿನ ಗ್ರಾಹಕ ಪ್ರೋಟೀನಿಗೆ ಅಂಟಿ, ಕ್ಲಾಥ್ರಿನ್ ಅನ್ನೂ ಪ್ರೋಟೀನ್ ಹೊದಿಸಿದ ಗುಂಡಿಯೊಳಗ ಸೇರ್ತೈತಿ. ಡೈನಮಿನ್ ಅನ್ನೂ ಇನ್ನೊಂದು ಪ್ರೋಟೀನ್ ಗುಂಡಿಯ ಕುತ್ತಿಗಿ ಹಿಚುಕಿ ಗುಳ್ಳಿ ಬಿಡಿಸ್ತೈತಿ. ಎಲ್‌ಡಿಎಲ್ ಗ್ರಾಹಕದ ಈ ದಾರಿ ಕಂಡುಹಿಡಿದ ವಿಜ್ಞಾನಿಗಳು ಬ್ರೌನ್, ಗೋಲ್ಡ್‌ಸ್ಟೀನ್ ಅವರಿಗೆ 1985ರಾಗ ನೊಬೆಲ್ ಬಂತು. ಅವರು ನೋಡಿದ ಒಬ್ಬ ರೋಗಿಯ ಕೋಶದಾಗ ಎಲ್‌ಡಿಎಲ್ ಗ್ರಾಹಕಕ್ಕ ಅಂಟ್ತಿತ್ತು, ಗ್ರಾಹಕ ಮಾತ್ರ ಗುಂಡಿಯೊಳಗ ಸೇರ್ತಿರಲಿಲ್ಲ. ಹಿಂಗಾಗಿ ಅಂಟಿದ್ದು ಹೊರಗೇ ಉಳೀತು, ರಕ್ತದಾಗ ಕೊಲೆಸ್ಟ್ರಾಲ್ ಏರಿತು.

ಹಂಗಂತ ಮಕ್ಕಳ "ತೂತು" ಪೂರ್ತಿ ಅಳಿಸಬ್ಯಾಡ್ರಿ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ (ಕೋಶದೊಳಗಿನ ಪೊರೆಗಳ ಜಾಲ) ಪೊರೆಯೊಳಗ ಸೆಕ್61 ಅನ್ನೂ ದಾರಿಯಿಂದ ಪ್ರೋಟೀನ್ ಸರಪಳಿ, ಇನ್ನೂ ಮಡಚದ ಎಳಿಯಾಗಿ, ಖರೇನ ತೂರಿಕೊಂಡು ಹೋಗ್ತೈತಿ. ಅದು ಎಂಡೋಸೈಟೋಸಿಸ್ ಅಲ್ಲ, ಅಷ್ಟೇ ಹೇಳ್ರಿ.

ಪ್ರಶ್ನೆ ಕೇಳಿದವರು
ಹೋಲಿಕಿಗೆ ಇನ್ನೊಂದು ಸ್ಲೈಡ್ ಬೇಕಲ್ರೀ?

ಉತ್ತರ 1
ಅದೇ ಕಲ್ಚರ್ ಸ್ವಲ್ಪ ಬ್ಯಾರೆ ತಗೊಂಡು 10 ನಿಮಿಷ ಐಸ್ ಮ್ಯಾಲಿಟ್ಟು, ಆಮೇಲೆ ತಣ್ಣಗಿದ್ದಾಗಲೇ ಯೀಸ್ಟ್ ಹಾಕ್ರಿ. ಹೊಸ ಗುಳ್ಳಿ ಭಾಳ ಕಮ್ಮಿ. ಬಲ್ಬಿನ ಕಾವಿಗೆ ಸ್ಲೈಡ್ ಬೆಚ್ಚಗಾದ್ರ ಮತ್ತ ತಿನ್ನಾಕ ಶುರು ಮಾಡ್ತಾವು, ಅದಕ್ಕ ಲಗೂನ ನೋಡಿ ಎಣಿಸ್ರಿ.