ಸಹಾಯ ಬೇಕು: ಚಿತ್ರದಲ್ಲಿರೋದು ಅತ್ತಿಗೆಯೋ, ನಾದಿನಿಯೋ?

ಎಲ್ಲರಿಗೂ ನಮಸ್ಕಾರ. ಪೋಲೆಂಡಿನ ಚಾರ್ಟೊರಿಸ್ಕಿ ಮನೆತನದ ಭಾವಚಿತ್ರಗಳನ್ನ ವಂಶವೃಕ್ಷಕ್ಕೆ ಜೋಡಿಸ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ಆ ಮನೆಯಲ್ಲಿ ಇಜಾಬೆಲಾ ಅನ್ನೋರು ಇಬ್ಬರು. ಒಬ್ಬರು ಮನೆಮಗಳು, 1736ರಲ್ಲಿ ಹುಟ್ಟಿ ಲುಬೊಮಿರ್ಸ್ಕಿ ಮನೆಗೆ ಸೊಸೆಯಾಗಿ ಹೋದವರು. ಇನ್ನೊಬ್ಬರು ಅವರಣ್ಣನ ಹೆಂಡತಿ, ಫ್ಲೆಮಿಂಗ್ ಮನೆತನದವರು, 1801ರಲ್ಲಿ ಪುವಾವಿಯಲ್ಲಿ ಮ್ಯೂಸಿಯಂ ತೆರೆದ ದೊಡ್ಡ ಹೆಂಗಸು. ಅತ್ತಿಗೆಯೇ ನಾದಿನಿಗಿಂತ ಹತ್ತು ವರ್ಷ ಚಿಕ್ಕವರು!

ನನ್ನ ಹತ್ತಿರ ಇರೋ ಪ್ರಿಂಟಿನ ಕೆಳಗೆ ಬರೀ 'ರಾಜಕುಮಾರಿ ಇಜಾಬೆಲಾ' ಅಂತಿದೆ. ವರ್ಷ ಇಲ್ಲ, ಕಲಾವಿದರ ಹೆಸರೂ ಇಲ್ಲ. ಅಲೆಕ್ಸಾಂಡರ್ ರೊಸ್ಲಿನ್ 1774ರಲ್ಲಿ ಬರೆದ ಅತ್ತಿಗೆಯ ಚಿತ್ರದ ಪಕ್ಕ ಇಟ್ಟು ನೋಡಿದೆ, ಮುಖದಿಂದ ಏನೂ ಗೊತ್ತಾಗ್ಲಿಲ್ಲ. ಉಡುಪು ನೀಲಿ. ನಾದಿನಿಗೆ ನೀಲಿ ಅಂದ್ರೆ ಪ್ರಾಣ, ಅದಕ್ಕೇ 'ನೀಲಿ ಮಾರ್ಕೀಸ್' (ಮಾರ್ಕೀಸ್ ಅಂದ್ರೆ ಯುರೋಪಿನ ಶ್ರೀಮಂತ ಮನೆತನದ ಹೆಂಗಸರ ಬಿರುದು) ಅಂತ ಹೆಸರಿತ್ತಂತೆ.

ಬರೀ ಬಟ್ಟೆಯ ಬಣ್ಣ ನೋಡಿ ಇವರು ಲುಬೊಮಿರ್ಸ್ಕಾ, ಅಂದ್ರೆ ನಾದಿನಿ, ಅಂತ ಬರೆಯಬಹುದಾ? ಇಲ್ಲಾಂದ್ರೆ ಕೂದಲು, ಒಡವೆ, ಲಾಂಛನ ಇವುಗಳಲ್ಲಿ ಯಾವುದನ್ನ ನೋಡಬೇಕು?