ಪದಚರ್ಚೆ: ಹೆಲ್ಮೆಟ್ ಮೌಂಟ್, ಟೆದರ್, ಮತ್ತು ‘ಮಂಜುಬಂಡಿ’ (ಸಂಜೆ ಐದರೊಳಗೆ ಬೇಕು)

ಮಡಿಕೇರಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಅಂಗಡಿಯೊಂದು ಆ್ಯಕ್ಷನ್ ಕ್ಯಾಮೆರಾ ಬಾಡಿಗೆಗೆ ಕೊಡುತ್ತದೆ. ಮಾಂದಲಪಟ್ಟಿ ಜೀಪಿಗೆ, ದುಬಾರೆ ರಾಫ್ಟಿಂಗಿಗೆ ಒಯ್ಯುವವರೇ ಹೆಚ್ಚು. ಈಗ ಕಾಶ್ಮೀರದ ಗುಲ್ಮಾರ್ಗ್, ಹಿಮಾಚಲದ ಸೋಲಂಗ್ ಕಡೆ ಹೋಗಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಮೋಟಾರು ವಾಹನ) ಓಡಿಸುವವರೂ ಕೇಳುತ್ತಿದ್ದಾರೆ. ಅವರಿಗೆ ಕೊಡಲು ಒಂದು ಪುಟದ ಚೀಟಿ, ಕೌಂಟರಿಗೆ ಒಂದು ಫ್ಲೆಕ್ಸ್ ಬೇಕು. ಅಂಗಡಿಯವರು ಯಾರಿಂದಲೋ ಬರೆಸಿಟ್ಟ ಕರಡು ಹೀಗಿದೆ:

“ಮಂಜುಬಂಡಿ ಸವಾರಿಗೆ ಮುನ್ನ ಶಿರಸ್ತ್ರಾಣ ಆರೋಹಕವನ್ನು ದೃಢಪಡಿಸಿಕೊಳ್ಳಿ. ಸ್ಥಿರೀಕರಣ ಚಾಲನೆಯಲ್ಲಿರಲಿ. ಮಂಜಿನಲ್ಲಿ ಮಸೂರಕ್ಕೆ ಮಂಜು ಕವಿದರೆ ಒರೆಸಿ.”

ಸ್ನೋಮೊಬೈಲ್, ಹೆಲ್ಮೆಟ್ ಮೌಂಟ್ (ಹೆಲ್ಮೆಟ್ಟಿಗೆ ಕ್ಯಾಮೆರಾ ಕೂರಿಸುವ ಸಾಮಾನು), ಸ್ಟೆಬಿಲೈಸೇಷನ್ (ವಿಡಿಯೊ ಅಲುಗದಂತೆ ಮಾಡುವುದು), ಟೆದರ್ (ಕ್ಯಾಮೆರಾ ಕಿತ್ತರೂ ಬೀಳದಂತೆ ಕಟ್ಟುವ ದಾರ), ಲೆನ್ಸ್ ಫಾಗಿಂಗ್ (ಕ್ಯಾಮೆರಾ ಗಾಜು ಮಸುಕಾಗುವುದು): ಈ ಐದಕ್ಕೆ ಓದಿದ ತಕ್ಷಣ ತಿಳಿಯುವ ಪದ ಬೇಕು. ಪ್ರಿಂಟಿನವರು ಕಾಯುತ್ತಿದ್ದಾರೆ.

ಸೋಮವಾರಪೇಟೆಯಿಂದ

‘ಆರೋಹಕ’ ಎಂದರೆ ಹತ್ತುವವನು. ಹೆಲ್ಮೆಟ್ಟಿನ ಮೇಲೆ ಯಾರು ಹತ್ತುತ್ತಾರಂತೆ? ತೆಗೆದುಹಾಕಿ. ‘ಶಿರಸ್ತ್ರಾಣ’ವನ್ನು ಪೌರಾಣಿಕ ನಾಟಕದವರಿಗೆ ಬಿಡಿ, ‘ತಲೆಗಾಪು’ ಬಳಸಿ. ಆದರೆ ‘ಮಂಜುಬಂಡಿ’ಯನ್ನು ಮುಟ್ಟಬೇಡಿ. ಆ ಕರಡಿನಲ್ಲಿ ಉಸಿರಿರುವ ಪದ ಅದೊಂದೇ. ಹಿಮ ಸಂಸ್ಕೃತದ್ದು, ಮಂಜು ನಮ್ಮದು. ಮಲಯಾಳದವರು ಹಿಮ ಬಿದ್ದರೂ ‘ಮಞ್ಞ್’ ಎನ್ನುತ್ತಾರೆ, ತಮಿಳಿನ ಹಳೆಯ ಬಳಕೆಯಲ್ಲಿ ‘ಮಞ್ಜು’ ಮೋಡವೂ ಹೌದು. ನಾವು ಐಸನ್ನು ಕರೆಯುವುದೂ ‘ಮಂಜುಗಡ್ಡೆ’ ಎಂದೇ. ಇಷ್ಟಕ್ಕೆಲ್ಲ ಒಂದೇ ಬೇರು ಸಾಕಾಗಿದೆ.

ವಿರಾಜಪೇಟೆಯಿಂದ

ಮೇಷ್ಟ್ರೇ, ಬೇರು ಇರಲಿ, ಫ್ಲೆಕ್ಸ್ ಕಟ್ಟುವ ಊರು ಯಾವುದು ನೋಡಿ. ಮಳೆಗಾಲದಲ್ಲಿ ರಾಜಾಸೀಟಿನಲ್ಲಿ ಪಕ್ಕ ನಿಂತವರ ಮುಖ ಕಾಣುವುದಿಲ್ಲ. ಅದಕ್ಕೆ ನಾವು ಮಂಜು ಅನ್ನುವುದು. ಮಡಿಕೇರಿ ಪೇಟೆಯಲ್ಲಿ ‘ಮಂಜುಬಂಡಿ’ ಎಂದು ಬರೆದರೆ ಬೆಳಗ್ಗೆ ನಾಲ್ಕಕ್ಕೆ ಮಾಂದಲಪಟ್ಟಿಗೆ ಹೊರಡುವ ಜೀಪ್ ಎಂದುಕೊಂಡು ಸೀಟಿಗೆ ಎಷ್ಟು ಎಂದು ಕೇಳುತ್ತಾರೆ. ಕೊಡಗಿನ ಮಂಜು ಕಣ್ಣಿಗೆ ಅಡ್ಡ ಬರುತ್ತದೆ, ಕಾಲಿಗೆ ಸಿಗುವುದಿಲ್ಲ.

ಇನ್ನು ‘ಬಂಡಿ’. ಗಾಲಿ ಇಲ್ಲದ್ದು ಯಾವ ಬಂಡಿ? ಅದಕ್ಕೆ ಮುಂದೆ ಎರಡು ಸ್ಕೀ, ಹಿಂದೆ ತಿರುಗುವ ರಬ್ಬರ್ ಪಟ್ಟಿ. ‘ಸ್ನೋಮೊಬೈಲ್’ ಎಂದೇ ಬರೆಯಿರಿ. ಬಾಡಿಗೆ ಕೇಳಲು ಬರುವವರ ಬಾಯಲ್ಲಿ ಇರುವುದೂ ಅದೇ.

ಕುಶಾಲನಗರದಿಂದ

ಪದ ಆಮೇಲೆ, ಮೊದಲು ಸಾಮಾನು ಯಾವುದೆಂದು ನೋಡೋಣ. ‘ಮೌಂಟ್’ ಎನ್ನುವುದು ಒಂದು ವಸ್ತುವಲ್ಲ, ಮೂರು. ಹೆಲ್ಮೆಟ್ಟಿಗೆ ಅಂಟುವ ಬಿಲ್ಲೆ, ಅದರೊಳಗೆ ‘ಟಕ್’ ಎಂದು ಕೂರುವ ಬಕಲ್, ಬಕಲಿನಿಂದ ಕ್ಯಾಮೆರಾವರೆಗಿನ ತೋಳು ಮತ್ತು ಸ್ಕ್ರೂ. ಗುಲ್ಮಾರ್ಗಿನಿಂದ ಗಿರಾಕಿ ಫೋನ್ ಮಾಡಿ “ಮೌಂಟ್ ಹೋಯ್ತು” ಎಂದರೆ ಅಂಗಡಿಯವನಿಗೆ ಏನು ಗೊತ್ತಾಗಬೇಕು? ಅಂಟುಬಿಲ್ಲೆ, ಬಕಲ್, ತೋಳು ಎಂದು ಬಿಡಿಬಿಡಿಯಾಗಿ ಬರೆಯಿರಿ.

‘ದೃಢಪಡಿಸಿಕೊಳ್ಳಿ’ ಎಂಬುದೂ ಪೊಳ್ಳು. ಕೆಲಸ ಹೀಗಿದೆ: ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಾಗ ಒರೆಸಿ ಒಣಗಲು ಬಿಡಬೇಕು. ಉಬ್ಬಿದ ಕಡೆ ಬಾಗಿದ ಬಿಲ್ಲೆಯನ್ನೇ ಹಾಕಬೇಕು, ಚಪ್ಪಟೆ ಬಿಲ್ಲೆಯ ಅಂಚು ಎದ್ದು ನಿಲ್ಲುತ್ತದೆ. ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ, 24 ಗಂಟೆ ಬಿಟ್ಟು ಆಮೇಲೆ ಕ್ಯಾಮೆರಾ ಸಿಕ್ಕಿಸಬೇಕು. ಇಷ್ಟೂ ಬೆಚ್ಚಗಿನ ಕೋಣೆಯಲ್ಲಿ ಆಗಬೇಕು. ಗುಲ್ಮಾರ್ಗ್ 2,600 ಮೀಟರಿಗೂ ಮೇಲಿದೆ. ಅಲ್ಲಿನ ಚಳಿಯಲ್ಲಿ ಅಂಟು ಬಿರುಸಾಗಿ ಮೇಲ್ಮೈಯೊಳಗೆ ಇಳಿಯುವುದಿಲ್ಲ. ಅಂಟಿದ ಹಾಗೆ ಕಾಣುತ್ತದೆ, ಮೊದಲ ಕುಲುಕಿಗೇ ಕಿತ್ತುಬರುತ್ತದೆ. ಮ್ಯಾಟ್ ಬಣ್ಣದ ತರಿತರಿ ಹೆಲ್ಮೆಟ್ಟಿಗೆ ಅಂಟು ಯಾವ ಊರಲ್ಲೂ ಸರಿಯಾಗಿ ಹಿಡಿಯುವುದಿಲ್ಲ. ತೂತು ಕೊರೆದು ಸ್ಕ್ರೂ ಹಾಕುವ ಬುದ್ಧಿವಂತರಿದ್ದಾರೆ. ಅದು ಚಿಪ್ಪನ್ನೂ ಒಳಗಿನ ಥರ್ಮಾಕೋಲ್ ಪದರವನ್ನೂ ಕೆಡಿಸುತ್ತದೆ, ಬಿದ್ದಾಗ ತಲೆಗೆ ಕಾಪು ಉಳಿಯುವುದಿಲ್ಲ. ಅಲ್ಲಿ ಬಾಡಿಗೆಗೆ ಸಿಗುವ ಹೆಲ್ಮೆಟ್ಟಾದರೆ ಅಂಟಿಸುವ ಮಾತೇ ಇಲ್ಲ, ಗದ್ದದ ಭಾಗಕ್ಕೆ ಸುತ್ತಿ ಕಟ್ಟುವ ಪಟ್ಟಿಯನ್ನು ಇಲ್ಲಿಂದಲೇ ಕೊಟ್ಟು ಕಳಿಸಲಿ.

ಜಾಗದ ವಿಚಾರಕ್ಕೆ ಬಂದರೆ ನನ್ನ ಮತ ಗದ್ದಕ್ಕೆ. ಹ್ಯಾಂಡಲ್ಲೂ ಸ್ಕೀ ತುದಿಯೂ ಚಿತ್ರದೊಳಗೆ ಬರುತ್ತವೆ, ನೋಟ ಕಣ್ಣಿನ ಎತ್ತರಕ್ಕೆ ಹತ್ತಿರ. ನೆತ್ತಿಯ ಮೇಲಿಟ್ಟರೆ 150 ಗ್ರಾಂ ಕ್ಯಾಮೆರಾ ಕುತ್ತಿಗೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ, ಮರದ ಕೊಂಬೆಗೂ ತಾಗುತ್ತದೆ. ಪಕ್ಕಕ್ಕೆ ಹಾಕಿದರೆ ಒಂದೇ ಕಡೆ ಭಾರ, ಗಾಳಿಯೂ ಆ ಕಡೆಗೇ ಜಗ್ಗುತ್ತದೆ.

ಪೊನ್ನಂಪೇಟೆಯಿಂದ

ಟೆದರ್‌ಗೆ ಪದ ಹುಡುಕುವುದೇಕೆ? ಕರು ಕಟ್ಟುವ ಹಗ್ಗಕ್ಕೆ ‘ಕಣ್ಣಿ’ ಅನ್ನುತ್ತೇವಲ್ಲ, ಅದೇ. ಹೆಲ್ಮೆಟ್‌ಗೆ ‘ತಲೆಗಾಪು’ ಬೇಡ, ‘ಮಂಡೆಗಾಪು’ ಮಾಡಿ. ಕೊಡವ ತಕ್ಕ್‌ನಲ್ಲಿ ತಲೆಬಟ್ಟೆಗೆ ಮಂಡೆತುಣಿ ಎಂದಿದೆ, ಅರೆಭಾಷೆಯಲ್ಲೂ ಮಂಡೆ ಇದೆ, ಕನ್ನಡಕ್ಕೂ ಹೊಸದಲ್ಲ.

ವಿರಾಜಪೇಟೆಯಿಂದ

ಕಣ್ಣಿ ಒಪ್ಪಿದೆ. ಮಂಡೆಗಾಪು ಇಲ್ಲ. ಪೊಲೀಸರು ಹಿಡಿದಾಗ ಯಾರೂ “ಮಂಡೆಗಾಪು ಮನೇಲಿದೆ ಸಾರ್” ಅನ್ನುವುದಿಲ್ಲ.

ಕುಶಾಲನಗರದಿಂದ

ಕಣ್ಣಿ ಚೆನ್ನಾಗಿದೆ, ಆದರೆ ಕಟ್ಟುವ ರೀತಿಯನ್ನೂ ಬರೆಯಿರಿ. ಕಣ್ಣಿಯ ಇನ್ನೊಂದು ತುದಿ ಬೇರೆಯೇ ಬಿಲ್ಲೆಗೆ ಹೋಗಬೇಕು. ಅದೇ ಬಿಲ್ಲೆಗೆ ಕಟ್ಟಿದರೆ ಬಿಲ್ಲೆ ಕಿತ್ತಾಗ ಕ್ಯಾಮೆರಾ, ಕಣ್ಣಿ ಎರಡೂ ಹಿಮದ ಪಾಲು. ಒಂದು ಗೇಣಿಗಿಂತ ಉದ್ದ ಬಿಡಬೇಡಿ, ಜೋತಾಡಿ ಮುಖದ ಗಾಜಿಗೆ ಬಡಿಯುತ್ತದೆ.

ಸೋಮವಾರಪೇಟೆಯಿಂದ

‘ಬಕಲ್’ ಯಾವ ಕನ್ನಡ? ‘ಕೊಂಡಿ’ ಸತ್ತುಹೋಯಿತೇ? ಕ್ಯಾಮೆರಾ ಎಂಬ ಪದವೇ ಲ್ಯಾಟಿನ್ನಿನ ‘ಕೋಣೆ’. ಅವರು ತಮ್ಮ ಕೋಣೆಗೆ ಗಾಜು ಹಾಕಿ ಲೋಕಕ್ಕೆಲ್ಲ ಮಾರಿದರು, ನಾವು ನಮ್ಮ ಕೊಂಡಿಯನ್ನು ಅಟ್ಟಕ್ಕೆಸೆದೆವು. ಸ್ಟೆಬಿಲೈಸೇಷನ್‌ಗೆ ‘ಅದುರುತಡೆ’ ಎನ್ನಿ. ‘ಸ್ಥಿರೀಕರಣ’ ಸರಕಾರಿ ಸುತ್ತೋಲೆಯ ವಾಸನೆ.

ವಿರಾಜಪೇಟೆಯಿಂದ

ಬಾಲ್ದಿ, ಚಾವಿ ಪೋರ್ಚುಗೀಸರದ್ದು, ಕುರ್ಚಿ ಅರಬ್ಬಿಯದ್ದು. ನಿಮ್ಮ ತೋಟದಲ್ಲಿ ಹಣ್ಣು ಬಿಡಿಸುವ ಪಲ್ಪರ್‌ಗೆ, ಲೆಕ್ಕ ಬರೆಯುವ ರೈಟರ್‌ಗೆ ಏನನ್ನುತ್ತೀರಿ? ‘ತಿರುಳುಗಳಚಿ’, ‘ಬರೆಗಾರ’ ಎಂದೇ? ಕೆಲಸ ಮಾಡುವವರ ನಾಲಿಗೆಗೆ ಒಗ್ಗಿದ್ದು ಕನ್ನಡ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಪುರಸೊತ್ತಿಲ್ಲ.

ಸೋಮವಾರಪೇಟೆಯಿಂದ

ನಾಲಿಗೆಗೆ ಒಗ್ಗಿದ್ದನ್ನೇ ಬರೆಯುವುದಾದರೆ ಈ ಪದಚರ್ಚೆ ಯಾಕೆ? ಬಾಗಿಲು ಹಾಕಿ ಹೋಗೋಣ.

ಕುಶಾಲನಗರದಿಂದ

ಕೊಂಡಿ ಬೇಡ ಮೇಷ್ಟ್ರೇ. ತೋಳನ್ನು ಕ್ಯಾಮೆರಾಕ್ಕೆ ಸೇರಿಸುವ ಬೆರಳಿನಂಥ ಹಲ್ಲುಗಳೂ ಇವೆ, ಅವನ್ನೂ ಜನ ಕೊಂಡಿ ಅಂದುಬಿಡುತ್ತಾರೆ.

‘ಅದುರುತಡೆ’ಗೂ ನನ್ನ ತಕರಾರಿದೆ. ಕ್ಯಾಮೆರಾ ಅದುರನ್ನು ತಡೆಯುವುದಿಲ್ಲ. ಒಳಗಿನ ಜೈರೊ ಎಂಬ ಚಲನೆ ಅಳೆಯುವ ಸಾಧನ ಎಷ್ಟು ಅದುರಿತೆಂದು ಅಳೆಯುತ್ತದೆ, ಕ್ಯಾಮೆರಾ ಚಿತ್ರದ ಅಂಚು ಕತ್ತರಿಸಿ ಚೌಕಟ್ಟನ್ನು ಸರಿಸಿ ಕೂರಿಸುತ್ತದೆ. ಆದ್ದರಿಂದ ಮಬ್ಬು ಬೆಳಕಿನಲ್ಲಿ ಒಂದೊಂದು ಫ್ರೇಮಿನೊಳಗೇ ಕಲಸಿಹೋದದ್ದು ಹಾಗೇ ಉಳಿಯುತ್ತದೆ. ‘ತಡೆ’ ಎಂದು ನಂಬಿದವನು ಸಂಜೆ ಹೊತ್ತು ಓಡಿಸಿ, ಕ್ಯಾಮೆರಾ ಕೆಟ್ಟಿದೆ ಎಂದು ಜಗಳಕ್ಕೆ ಬರುತ್ತಾನೆ. ‘ಅದುರು ತಿದ್ದಿಕೆ’ ಎನ್ನಿ. 4ಕೆಯಲ್ಲಿ ಸೆಕೆಂಡಿಗೆ 60 ಫ್ರೇಮ್, ತಿದ್ದಿಕೆ ಆನ್, ಬಿಸಿಲಿರುವಾಗಲೇ ಸವಾರಿ.

ಲೆನ್ಸ್ ಫಾಗಿಂಗ್‌ಗೆ ‘ಆವಿ ಕಟ್ಟುವುದು’ ಸಾಕು. ಕರಡಿನ ‘ಒರೆಸಿ’ ಮಾತ್ರ ಶುದ್ಧ ತಪ್ಪು. ಬೆಚ್ಚಗಿನ ತೇವದ ಕೋಣೆಯಲ್ಲಿ ಬ್ಯಾಟರಿ ಬಾಗಿಲು ಮುಚ್ಚಿದರೆ ಆ ಗಾಳಿ ಒಳಗೇ ಸಿಕ್ಕಿಕೊಂಡು, ಚಳಿಗೆ ಬಂದ ಕೂಡಲೇ ಗಾಜಿನ ಒಳಮೈಗೆ ಹನಿಯಾಗಿ ಕೂರುತ್ತದೆ. ಹೊರಗಿನಿಂದ ಎಷ್ಟು ಒರೆಸಿದರೂ ಹೋಗದು. ಬ್ಯಾಟರಿಯನ್ನು ಹೊರಗಿನ ಒಣಗಾಳಿಯಲ್ಲಿ, ಹಿಮದ ಪುಡಿ ಒಳಗೆ ಬೀಳದಂತೆ ಬದಲಿಸಬೇಕು. ವಾಪಸ್ ಕೋಣೆಗೆ ಬರುವಾಗ ಜಿಪ್ ಕವರಿನೊಳಗೆ ಹಾಕಿ, ಬಿಸುಪು ಸರಿಹೋದ ಮೇಲೆ ತೆಗೆಯಬೇಕು. ಗದ್ದಕ್ಕೆ ಕಟ್ಟಿದಾಗ ಉಸಿರಿನ ಆವಿಯೂ ಸೇರುತ್ತದೆ, ಹೆಲ್ಮೆಟ್ಟಿನ ಮೂಗಿನ ಅಡ್ಡಪಟ್ಟಿ ಬಿಚ್ಚಿಡಬೇಡಿ.

ಯಾವ ಕ್ಯಾಮೆರಾ ಎನ್ನುವುದನ್ನೂ ಚೀಟಿಯಲ್ಲಿ ಒಂದು ಸಾಲು ಬರೆಯಿರಿ. ಚಳಿಯೇ ಮೊದಲ ಪರೀಕ್ಷೆ. ಡಿಜೆಐ ಓಸ್ಮೊ ಆ್ಯಕ್ಷನ್ 4 ಮತ್ತು 5 ಪ್ರೊಗೆ ತಯಾರಕರೇ ಹೇಳುವ ಮಿತಿ ಮೈನಸ್ 20 ಡಿಗ್ರಿ, ಗೋಪ್ರೊ ಎಂಡ್ಯೂರೊ ಬ್ಯಾಟರಿಗೆ ಮೈನಸ್ 10. ವೇಗ, ದಾರಿ ವಿಡಿಯೊ ಮೇಲೆ ಮೂಡಬೇಕೆಂದರೆ ಗೋಪ್ರೊ ಹೀರೊ 12 ಬೇಡ, ಅದರಲ್ಲಿ ಜಿಪಿಎಸ್ ಇಲ್ಲ. 13ರಲ್ಲಿ ಮತ್ತೆ ಬಂದಿದೆ. ಆದರೆ 13ರ ಬ್ಯಾಟರಿ 9ರಿಂದ 12ರವರೆಗಿನವಕ್ಕೆ ಕೂರುವುದಿಲ್ಲ, ಬಾಡಿಗೆ ಚೀಲದಲ್ಲಿ ಎರಡನ್ನೂ ಬೆರೆಸಬೇಡಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ಚಳಿಯಲ್ಲೇ ಚಾರ್ಜಿಗೆ ಹಾಕಬಾರದು, ಕೋಣೆಯ ಬಿಸಿಗೆ ಬಂದ ಮೇಲೆ ಹಾಕಿ. ಮೆಮೊರಿ ಕಾರ್ಡ್ ವೇಗವಾಗಿ ಬರೆಯುವ ವಿ30 ದರ್ಜೆಯದ್ದಿರಲಿ. ಸೆಕೆಂಡಿಗೆ 120 ಮೆಗಾಬಿಟ್ಟಿನಲ್ಲಿ ರೆಕಾರ್ಡ್ ಮಾಡಿದರೆ ವಿಡಿಯೊ ಗಂಟೆಗೆ 54 ಜಿಬಿ ತಿನ್ನುತ್ತದೆ, 128 ಜಿಬಿ ಕಾರ್ಡಿಗೆ ಎರಡು ಗಂಟೆ ಚಿಲ್ಲರೆ.

ಮಡಿಕೇರಿಯಿಂದ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಮಂಜುಬಂಡಿ ಬಿಟ್ಟಿದ್ದೇನೆ, ಸಿಟ್ಟಾಗಬೇಡಿ. ಫ್ಲೆಕ್ಸಿಗೆ ಹೀಗೆ:

“ಸ್ನೋಮೊಬೈಲ್ ಓಡಿಸುವವರಿಗೆ: ಅಂಟುಬಿಲ್ಲೆಯನ್ನು ಹೊರಡುವ ಹಿಂದಿನ ದಿನವೇ ಮನೆಯಲ್ಲಿ ಹೆಲ್ಮೆಟ್ಟಿಗೆ ಅಂಟಿಸಿ. ಬಕಲ್ ಟಕ್ ಎಂದಿತೇ ನೋಡಿ. ಕಣ್ಣಿಯನ್ನು ಬೇರೆ ಬಿಲ್ಲೆಗೆ ಕಟ್ಟಿ. ಅದುರು ತಿದ್ದಿಕೆ ಆನ್ ಮಾಡಿ. ಬ್ಯಾಟರಿ ಬಾಗಿಲನ್ನು ಕೋಣೆಯೊಳಗೆ ತೆರೆಯಬೇಡಿ, ಗಾಜಿನೊಳಗೆ ಆವಿ ಕಟ್ಟುತ್ತದೆ. ಚಳಿಯ ಮಿತಿ: -10, -20.”

ಕುಶಾಲನಗರದಿಂದ

ಬಾಗಿಲಿನ ಸಾಲಿಗೆ ‘ಸವಾರಿಗೆ ಮುನ್ನ’ ಸೇರಿಸಿ. ಇಲ್ಲದಿದ್ದರೆ ರಾತ್ರಿ ಚಾರ್ಜಿಗೆ ಹಾಕಲೂ ಹೆದರುತ್ತಾರೆ.

ಸೋಮವಾರಪೇಟೆಯಿಂದ

ಸಿಟ್ಟಿಲ್ಲ, ಒಪ್ಪಿಗೆಯೂ ಇಲ್ಲ. ಕೊನೆಯ ಸಾಲಿನ ಗೀಟುಗಳನ್ನು ತೆಗೆಯಿರಿ. ದೂರದಿಂದ ಓದುವವನಿಗೆ ಹತ್ತು, ಇಪ್ಪತ್ತು ಎಂದಷ್ಟೇ ಕಾಣುತ್ತದೆ. ‘ಸೊನ್ನೆಗಿಂತ 10 ಡಿಗ್ರಿ ಕೆಳಗೆ’ ಎಂದು ಬಿಡಿಸಿ ಬರೆದು, ಯಾವ ಮಿತಿ ಯಾವ ಕ್ಯಾಮೆರಾದ್ದು ಎಂಬುದನ್ನೂ ಪಕ್ಕದಲ್ಲೇ ಹಾಕಿಸಿ.