‘ಎಚ್‌ಟಿ ಬೈಪಾಸ್’ಗೆ ಕನ್ನಡದಲ್ಲಿ ಏನನ್ನೋಣ? ಧ್ವನಿವರ್ಧಕ, ಗ್ರಾಹಕಗಳ ಗೊಂದಲವೂ ಸೇರಿ

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಸಂಗೀತ ಕೇಳುವ ಸ್ಟೀರಿಯೊ ಆಂಪ್ಲಿಫೈಯರನ್ನೂ ಸಿನಿಮಾ ನೋಡುವ ಹೋಮ್ ಥಿಯೇಟರನ್ನೂ ಒಂದೇ ಜೊತೆ ಸ್ಪೀಕರುಗಳಿಗೆ ಹೊಂದಿಸುವುದು ಹೇಗೆ ಎಂಬ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಕರಡಿನ ಒಂದು ವಾಕ್ಯ:

“ಗ್ರಾಹಕದ ಪೂರ್ವ ಹೊರಹರಿವನ್ನು ಧ್ವನಿವರ್ಧಕದ ಎಚ್‌ಟಿ ಬಳಸುದಾರಿಗೆ ಜೋಡಿಸಿ, ಅನಂತರ ಧ್ವನಿವರ್ಧಕದಿಂದ ಧ್ವನಿವರ್ಧಕಗಳಿಗೆ ತಂತಿ ಎಳೆಯಿರಿ.”

ನಿಘಂಟು ತೆರೆದರೆ ಒಂದೊಂದು ಪದಕ್ಕೂ ಸಮರ್ಥನೆ ಸಿಗುತ್ತದೆ. ವಾಕ್ಯ ಮಾತ್ರ ಯಾರ ತಲೆಗೂ ಹೋಗುವುದಿಲ್ಲ. ಆಂಪ್ಲಿಫೈಯರ್, ಸ್ಪೀಕರ್ ಎರಡಕ್ಕೂ ‘ಧ್ವನಿವರ್ಧಕ’ವೇ ಬಂದು ಕೂತಿದೆ, ಬೇರ್ಪಡಿಸುವುದು ಹೇಗೆ? ಹೋಮ್ ಥಿಯೇಟರಿನ ಮುಖ್ಯ ಪೆಟ್ಟಿಗೆಯಾದ ರಿಸೀವರಿಗೆ ‘ಗ್ರಾಹಕ’ ನಿಲ್ಲುತ್ತದೆಯೇ? ‘ಬಳಸುದಾರಿ’ ಎಚ್‌ಟಿ ಬೈಪಾಸಿನ, ಅಂದರೆ ಹೋಮ್ ಥಿಯೇಟರ್ ಬೈಪಾಸಿನ ಅರ್ಥ ಕೊಡುತ್ತದೆಯೇ? ಇನ್ನೊಂದು: ದೋಷ ಪತ್ತೆಯ ಅಧ್ಯಾಯದಲ್ಲಿ ಸ್ಪೀಕರಿನಿಂದ ಬರುವ ಬೇಡದ ಸದ್ದುಗಳಿಗೆಲ್ಲ ‘ಗದ್ದಲ’ ಎಂದೇ ಇದೆ. ಅದು ಸಾಕೇ?

* * *

ಪದ ಆರಿಸುವ ಮುಂಚೆ ಆಂಪ್ಲಿಫೈಯರಿನ ಆ ಬೈಪಾಸ್ ಸಾಕೆಟ್ಟಿನ ಕೆಲಸ ನೋಡೋಣ, ಅರ್ಧ ಉತ್ತರ ಅಲ್ಲೇ ಇದೆ.

ಸಿನಿಮಾ ಹಾಕಿದಾಗ ರಿಸೀವರೇ ಯಜಮಾನ. ಪ್ರತಿ ಸ್ಪೀಕರಿನ ಮಟ್ಟ ಎಷ್ಟು, ಕೂರುವ ಜಾಗದಿಂದ ದೂರ ಎಷ್ಟು ಎಂದು ಮೈಕ್ ಇಟ್ಟು ಅಳೆದು ನೆನಪಿಟ್ಟುಕೊಂಡಿರುತ್ತದೆ. ನಡುವಿನದನ್ನೂ ಪಕ್ಕದವನ್ನೂ ತಾನೇ ನುಡಿಸಿ, ಮುಂದಿನ ಎಡಬಲದ ಸಿಗ್ನಲನ್ನಷ್ಟೇ ಪ್ರೀ-ಔಟ್ (ಕರಡಿನ ‘ಪೂರ್ವ ಹೊರಹರಿವು’, ಬಲ ತುಂಬುವ ಮುಂಚಿನ ಸಿಗ್ನಲ್ ಹೊರಬರುವ ಸಾಕೆಟ್) ಮೂಲಕ ಸ್ಟೀರಿಯೊ ಆಂಪ್ಲಿಫೈಯರಿಗೆ ದಾಟಿಸುತ್ತದೆ. ಆ ದಾರಿಯಲ್ಲಿ ಆಂಪ್ಲಿಫೈಯರಿನ ವಾಲ್ಯೂಮ್ ನಾಬ್ ಅಡ್ಡ ಬಂದರೆ ಅಳತೆಯೆಲ್ಲ ವ್ಯರ್ಥ. ಯಾರಾದರೂ ನಾಬನ್ನು ತುಸು ತಿರುಗಿಸಿದರೂ ಮುಂದಿನ ಎರಡೇ ಜೋರಾಗಿ, ನಡುವಿನ ಸ್ಪೀಕರಿನಿಂದ ಬರುವ ಮಾತು ಸಂಗೀತದಡಿ ಮುಳುಗುತ್ತದೆ. ಅದಕ್ಕೇ ಬೈಪಾಸ್ ಇನ್‌ಪುಟ್ಟಿಗೆ ನಾಬಿನ ಹಿಡಿತವಿಲ್ಲ. ಒಳಬಂದ ಮಟ್ಟವೇ ಸ್ಪೀಕರುಗಳನ್ನು ನುಡಿಸುವ ಪವರ್ ಭಾಗಕ್ಕೆ ಹೋಗುತ್ತದೆ.

ಅಪಾಯವೂ ಅಲ್ಲೇ. ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಹೊರಬಿಡುತ್ತದೆ. ಬಹಳಷ್ಟು ಆಂಪ್ಲಿಫೈಯರುಗಳ ಪವರ್ ಭಾಗ 1 ವೋಲ್ಟಿನ ಆಸುಪಾಸಿನಲ್ಲೇ ಪೂರ್ತಿ ವಾಟ್ ಕೊಟ್ಟುಬಿಡುತ್ತದೆ. ಗೊತ್ತಿಲ್ಲದೆ ಸಿಡಿ ಪ್ಲೇಯರನ್ನು ಬೈಪಾಸಿಗೆ ಸಿಕ್ಕಿಸಿದರೆ ನಾಬ್ ಸೊನ್ನೆಯಲ್ಲಿದ್ದರೂ ಮನೆ ಅದುರುತ್ತದೆ, ಧ್ವನಿ ಒಡೆಯುತ್ತದೆ, ಮೊದಲು ಸುಡುವುದು ಟ್ವೀಟರ್, ಅಂದರೆ ಸ್ಪೀಕರಿನಲ್ಲಿ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ. ಹಾಗಾಗಿ ಹೆಸರು ದಾರಿಯ ವರ್ಣನೆ ಮಾಡಬೇಕಾಗಿಲ್ಲ, ‘ಇಲ್ಲಿ ನಾಬ್ ನಡೆಯದು’ ಎಂದು ಓದುಗರಿಗೆ ಹೊಳೆಯಿಸಬೇಕು.

‘ಎಚ್‌ಟಿ’ಯನ್ನಂತೂ ಬಿಡಲೇಬೇಕು. ನಮ್ಮಲ್ಲಿ ಎಚ್‌ಟಿ ಎಂದರೆ ಹೈ ಟೆನ್ಷನ್ ಲೈನು. ವಾಲ್ವ್ ಆಂಪ್ಲಿಫೈಯರಿನವರಿಗೂ ಎಚ್‌ಟಿ ಎಂದರೆ ವಾಲ್ವಿನ ಪ್ಲೇಟಿಗೆ ಹೋಗುವ ನೂರಾರು ವೋಲ್ಟು. ‘ಎಚ್‌ಟಿ ಬೈಪಾಸಿಗೆ ತಂತಿ ಜೋಡಿಸಿ’ ಎಂದು ಅಚ್ಚಾದರೆ ತಿಳಿದವರೇ ಕೈ ಹಿಂದೆಗೆಯುತ್ತಾರೆ. ‘ಥಿಯೇಟರ್ ಬೈಪಾಸ್’ ಎಂದು ಬಿಡಿಸಿ ಬರೆಯಿರಿ.

ಕೈಪಿಡಿಯಲ್ಲಿ ಬೈಪಾಸ್ ಇಲ್ಲದ ಆಂಪ್ಲಿಫೈಯರಿನ ಮಾತೂ ಬರಬೇಕು. ಆಗ ಪ್ರೀ-ಔಟ್ ತಂತಿ ಆಕ್ಸ್ ಎಂಬ ಸಾಮಾನ್ಯ ಇನ್‌ಪುಟ್ಟಿಗೆ. ನಾಬನ್ನು ಗಡಿಯಾರದ ಹನ್ನೊಂದು ಅಥವಾ ಹನ್ನೆರಡರ ಕಡೆಗೆ ನಿಲ್ಲಿಸಿ ಗುರುತು ಹಾಕಿ, ಅದಾದ ಮೇಲೆ ರಿಸೀವರಿನ ಅಳತೆ ನಡೆಸುವುದು. ಅಳತೆ ಮುಗಿದಾಗ ಮುಂದಿನ ಎರಡರ ಮಟ್ಟ −12 ಡೆಸಿಬೆಲ್‌ಗೆ ಬಂದು ನಿಂತಿದ್ದರೆ ರಿಸೀವರಿಗೆ ಇನ್ನೂ ಇಳಿಸಲು ಜಾಗ ಉಳಿದಿಲ್ಲ ಎಂದರ್ಥ. ನಾಬನ್ನು ತಗ್ಗಿಸಿ ಮತ್ತೆ ಅಳೆಯಬೇಕು. ಮುಂದೆ ಸಿನಿಮಾ ಹಾಕಿದಾಗಲೆಲ್ಲ ನಾಬ್ ಅದೇ ಗುರುತಿಗೆ ಬರಬೇಕು, ಮರೆಯುವವರೇ ಹೆಚ್ಚು.

ಎರಡೂ ಯಂತ್ರಗಳ ಸ್ಪೀಕರ್ ತಂತಿಗಳನ್ನು ಒಂದೇ ಸ್ಪೀಕರಿಗೆ ಒಟ್ಟಿಗೆ ಬಿಗಿಯಬಾರದು ಎಂಬುದು ದಪ್ಪಕ್ಷರದಲ್ಲಿರಲಿ. ಒಂದರ ಔಟ್‌ಪುಟ್ ಇನ್ನೊಂದರೊಳಗೆ ನುಗ್ಗಿ ಟ್ರಾನ್ಸಿಸ್ಟರು ಹೋಗುತ್ತವೆ.

ತಗ್ಗು ಸ್ವರಕ್ಕೇ ಮೀಸಲಾದ ಸ್ಪೀಕರು, ಸಬ್‌ವೂಫರಿನ (ಸಬ್) ಸಾಲೂ ಕರಡಿನಲ್ಲಿ ತಪ್ಪಿರಬಹುದು, ನೋಡಿ. ಸಬ್ ರಿಸೀವರಿಗಷ್ಟೇ ಜೋಡಿಸಿದ್ದರೆ, ಸಂಗೀತಕ್ಕೆಂದು ರಿಸೀವರನ್ನು ಆಫ್ ಮಾಡಿದಾಗ ಸಬ್ ಕೂಡ ಮೂಕವಾಗುತ್ತದೆ. ಎಲ್‌ಎಫ್‌ಇ (ಸಿನಿಮಾದ ತಗ್ಗು ಸ್ವರದ) ಇನ್‌ಪುಟ್ಟೂ ಸ್ಪೀಕರ್ ಮಟ್ಟದ ಇನ್‌ಪುಟ್ಟೂ ಒಟ್ಟಿಗೆ ಕೆಲಸ ಮಾಡುವ ಸಬ್ ಇದ್ದರೆ ಮೊದಲನೆಯದಕ್ಕೆ ರಿಸೀವರಿನಿಂದ, ಎರಡನೆಯದಕ್ಕೆ ಆಂಪ್ಲಿಫೈಯರಿನ ಸ್ಪೀಕರ್ ಟರ್ಮಿನಲ್‌ಗಳಿಂದ ತಂತಿ. ರಿಸೀವರಿನಲ್ಲಿ ಮುಂದಿನ ಸ್ಪೀಕರುಗಳನ್ನು ‘ಸ್ಮಾಲ್’ ಎಂದಿಟ್ಟು ಕ್ರಾಸ್‌ಓವರ್ (ತಗ್ಗು ಸ್ವರ ಸಬ್‌ಗೆ ಬೇರ್ಪಡುವ ಗಡಿ) 80 ಹರ್ಟ್ಸ್ ಮಾಡಬೇಕು. ‘ಲಾರ್ಜ್’ ಎಂದಿಟ್ಟರೆ ಸಿನಿಮಾದಲ್ಲಿ ಸಬ್ ಎರಡೂ ದಾರಿಯಿಂದ ತಗ್ಗು ಸ್ವರ ಪಡೆದು ಬರೀ ಗುಡುಗುತ್ತದೆ. ‘ಸ್ಮಾಲ್’ ಎಂಬುದನ್ನು ‘ಚಿಕ್ಕದು’ ಎಂದು ಅನುವಾದಿಸಬೇಡಿ. ಅದು ಡಬ್ಬಿಯ ಗಾತ್ರದ ಮಾತಲ್ಲ. ಆಳೆತ್ತರದ ಸ್ಪೀಕರಿಗೂ ಇಲ್ಲಿ ‘ಸ್ಮಾಲ್’ ಸರಿ, ತಗ್ಗು ಸ್ವರವನ್ನು ಸಬ್‌ಗೆ ಕಳಿಸು ಎಂದಷ್ಟೇ ಅದರ ಅರ್ಥ.

* * *

ಮೇಲಿನವರು ಯಂತ್ರದ ಕಡೆಯಿಂದ ಹೇಳಿದ್ದಾರೆ, ನುಡಿಯ ಕಡೆಯಿಂದ ನಾಲ್ಕು ಮಾತು.

‘ಧ್ವನಿವರ್ಧಕ’ವನ್ನು ಅಕ್ಷರಶಃ ಬಿಡಿಸಿದರೆ ಆಂಪ್ಲಿಫೈಯರ್. ಬಳಕೆಯಲ್ಲಿ ಅದು ಲೌಡ್‌ಸ್ಪೀಕರ್. ‘ಧ್ವನಿವರ್ಧಕ ಬಳಕೆಗೆ ಪೊಲೀಸರ ಅನುಮತಿ’ ಎಂದು ಪತ್ರಿಕೆಯಲ್ಲಿ ಓದಿದರೆ ಕಣ್ಣಿಗೆ ಬರುವುದು ಕಂಬಕ್ಕೆ ಕಟ್ಟಿದ ಹಾರನ್, ಅಂದರೆ ಇಡೀ ಮೈಕ್‌ಸೆಟ್ಟು. ಅದು ಜಾತ್ರೆಗೂ ಸಭೆಗೂ ಇರಲಿ, ಹಜಾರಕ್ಕೆ ತರುವುದು ಬೇಡ. ಪಠ್ಯಪುಸ್ತಕದ ‘ವರ್ಧಕ’ ಒಂಟಿಯಾಗಿ ನಿಂತರೆ ಟಾನಿಕ್ಕಿನ ವಾಸನೆ. ಆಂಪ್ಲಿಫೈಯರ್, ಸ್ಪೀಕರ್ ಎಂದೇ ಬರೆದರೆ ನಷ್ಟವೇನಿಲ್ಲ. ವಿಧಾನಸಭೆಯ ಸ್ಪೀಕರಿಗೆ ಯಾರೂ ತಂತಿ ಎಳೆಯಲಾರರು.

‘ಗ್ರಾಹಕ’ ಇನ್ನೂ ಕಷ್ಟ. ‘ಮೊದಲು ಗ್ರಾಹಕವನ್ನು ಆರಿಸಿ’ ಎಂಬಲ್ಲಿ ಗಿರಾಕಿಯನ್ನು ಆಯ್ದುಕೊಳ್ಳಬೇಕೋ ದೀಪದಂತೆ ನಂದಿಸಬೇಕೋ? ‘ಆರಿಸು’ವಿಗೂ ಎರಡು ಅರ್ಥವಿದೆಯಲ್ಲ. ಇನ್‌ಪುಟ್ ವಿಷಯ ಬಂದಾಗ ‘ಆಯ್ದುಕೊಳ್ಳಿ’, ಸ್ವಿಚ್ಚಿನ ವಿಷಯ ಬಂದಾಗ ‘ಆಫ್ ಮಾಡಿ’ ಎಂದು ಕೈಪಿಡಿಯುದ್ದಕ್ಕೂ ಒಂದೇ ನಿಯಮ ಇಟ್ಟುಕೊಳ್ಳಿ. ರಿಸೀವರ್ ಎಂಬ ಹೆಸರು ಆ ಪೆಟ್ಟಿಗೆಯೊಳಗೆ ರೇಡಿಯೋ ಟ್ಯೂನರ್ ಇದ್ದುದರಿಂದ ಬಂದದ್ದು. ಇಂದು ಅದರ ಕೆಲಸ ಬೇರೆಯೇ, ಆದ್ದರಿಂದ ಅರ್ಥ ಹುಡುಕಿ ಅನುವಾದಿಸುವುದರಲ್ಲಿ ಲಾಭವಿಲ್ಲ.

‘ಬಳಸುದಾರಿ’ ಚೆಂದದ ಪದ, ಇಲ್ಲಿ ಮಾತ್ರ ಎರಡು ಕಡೆ ಎಡವುತ್ತದೆ. ಬಳಸುದಾರಿ ಎಂದರೆ ದೂರದ ದಾರಿ, ಸುತ್ತು. ಈ ಇನ್‌ಪುಟ್ಟಿನಲ್ಲಿ ಸಿಗ್ನಲಿಗೆ ನಡುವಿನ ಒಂದು ಹಂತವೇ ತಪ್ಪುತ್ತದೆ, ದಾರಿ ಚಿಕ್ಕದಾಗುತ್ತದೆ. ಎರಡನೆಯದಾಗಿ, ಕೈಪಿಡಿಯಲ್ಲಿ ‘ಬಳಸು’ ಪುಟಕ್ಕೆ ಹತ್ತು ಸಲ ಉಪಯೋಗಿಸು ಎಂಬ ಅರ್ಥದಲ್ಲೇ ಬಂದಿರುತ್ತದೆ. ‘ನೇರ ಇನ್‌ಪುಟ್’ ಎನ್ನೋಣವೆಂದರೆ ‘ಡೈರೆಕ್ಟ್’ ಎಂಬ ಬೇರೆಯೇ ಗುಂಡಿ ಇದೆ. ಅದು ಬಾಸ್, ಟ್ರೆಬಲ್ ನಾಬುಗಳನ್ನು ತಪ್ಪಿಸುತ್ತದೆ, ವಾಲ್ಯೂಮ್ ನಾಬನ್ನಲ್ಲ. ರಸ್ತೆಯಿಂದಲೂ ಹೃದಯದ ಶಸ್ತ್ರಚಿಕಿತ್ಸೆಯಿಂದಲೂ ‘ಬೈಪಾಸ್’ ಎಲ್ಲರ ಬಾಯಲ್ಲಿದೆ, ಅದೇ ಇರಲಿ. ಜೊತೆಗೆ ‘ನಾಬ್ ತಪ್ಪಿಸಿದ ಇನ್‌ಪುಟ್’ ಎಂಬ ವಿವರಣೆ ಮೊದಲ ಸಲ ಬರಲಿ.

ಹಾಗೆಯೇ ‘ಟ್ರಿಗರ್’. ರಿಸೀವರ್ ಆನ್ ಆದೊಡನೆ ಆಂಪ್ಲಿಫೈಯರನ್ನು ಎಬ್ಬಿಸುವ 12 ವೋಲ್ಟಿನ ಸಣ್ಣ ತಂತಿ ಅದು. ಬಂದೂಕಿನದಕ್ಕೆ ಕನ್ನಡದಲ್ಲಿ ‘ಕುದುರೆ’ ಎನ್ನುತ್ತೇವೆ. ತಂಬೂರಿಯ ತಂತಿ ಹೊರುವ ಬ್ರಿಡ್ಜೂ ಕುದುರೆಯೇ. ಕೆಲವು ಆಂಪ್ಲಿಫೈಯರುಗಳಲ್ಲಿ ಟ್ರಿಗರೂ ಬ್ರಿಡ್ಜೂ (ಎರಡು ಚಾನೆಲ್ಲುಗಳನ್ನು ಒಂದಾಗಿಸುವ ಜೋಡಣೆ) ಎರಡೂ ಇರುವುದರಿಂದ ಕುದುರೆಯನ್ನು ಲಾಯದಲ್ಲೇ ಕಟ್ಟಿಹಾಕುವುದು ಒಳ್ಳೆಯದು.

ಬೇಡದ ಸದ್ದುಗಳ ವಿಷಯದಲ್ಲಿ ಎರವಲು ಬೇಡವೇ ಬೇಡ. ಅನುಕರಣ ಪದಗಳಲ್ಲಿ ನಾವು ಶ್ರೀಮಂತರು. ‘ಗದ್ದಲ’ ಒಂದೇ ಹಾಕಿದರೆ ದೋಷ ಪತ್ತೆಯೇ ಆಗದು. ತಗ್ಗಿನಲ್ಲಿ ಒಂದೇ ಸಮನೆ ‘ಗುಂಯ್’ ಎಂದರೆ 50 ಹರ್ಟ್ಸಿನ ಕರೆಂಟು, ಹೆಚ್ಚಾಗಿ ಎರಡು ಕಡೆ ಅರ್ತಿಂಗ್ ಸಿಕ್ಕಿ ಸುತ್ತು ಬಿದ್ದಿರುತ್ತದೆ. ಕೇಬಲ್ ಟಿವಿಯ ತಂತಿಯನ್ನು ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿದಾಗ ನಿಂತರೆ ಸುತ್ತು ಅಲ್ಲಿದೆ. ಆ ತಂತಿಗೆ ಸುತ್ತನ್ನು ಕಡಿಯುವ ಐಸೊಲೇಟರ್ ಹಾಕಬೇಕೇ ಹೊರತು ಪ್ಲಗ್ಗಿನ ಅರ್ತ್ ಪಿನ್ ಕೀಳಬಾರದು. ‘ಗುಂಯ್’ಗಿಂತ ಒರಟಾಗಿ ‘ಜರ್’ ಎಂದರೆ ಡಿಮ್ಮರ್, ಅಡಾಪ್ಟರುಗಳತ್ತ ನೋಡಿ. ನಾಬ್ ತಿರುಗಿಸುವಾಗ ಮಾತ್ರ ‘ಚರಚರ’ ಎಂದರೆ ನಾಬಿನೊಳಗಿನ ದೂಳು. ಟ್ವೀಟರಿಗೆ ಕಿವಿಯಿಟ್ಟಾಗಷ್ಟೇ ಕೇಳುವ ‘ಬುಸ್’ ದೋಷವಲ್ಲ.

* * *

ಇಬ್ಬರಿಗೂ ಧನ್ಯವಾದ. ವಾಕ್ಯ ಈಗ ಹೀಗೆ:

“ಎರಡೂ ಯಂತ್ರಗಳನ್ನು ಆಫ್ ಮಾಡಿ. ರಿಸೀವರಿನ ಮುಂದಿನ ಎಡ, ಬಲ ಪ್ರೀ-ಔಟ್‌ಗಳನ್ನು ಸ್ಟೀರಿಯೊ ಆಂಪ್ಲಿಫೈಯರಿನ ಥಿಯೇಟರ್ ಬೈಪಾಸಿಗೆ ಜೋಡಿಸಿ. ಇದು ನಾಬ್ ತಪ್ಪಿಸಿದ ಇನ್‌ಪುಟ್: ಸಿಡಿ ಪ್ಲೇಯರನ್ನಾಗಲಿ ಫೋನನ್ನಾಗಲಿ ಇದಕ್ಕೆ ಸಿಕ್ಕಿಸಬೇಡಿ. ಮುಂದಿನ ಎರಡು ಸ್ಪೀಕರುಗಳಿಗೆ ಆಂಪ್ಲಿಫೈಯರಿನಿಂದ ಮಾತ್ರ ತಂತಿ ಎಳೆಯಿರಿ.”

* * *

ಸರಿಯಾಗಿದೆ. ‘ಆಫ್ ಮಾಡಿ’ ಎಂಬಲ್ಲಿ ‘ಪ್ಲಗ್ಗಿನಿಂದಲೂ ಕಳಚಿ’ ಸೇರಿಸಿ. ರಿಮೋಟಿನಿಂದ ಆಫ್ ಮಾಡಿದ ಯಂತ್ರ ಸ್ಟ್ಯಾಂಡ್‌ಬೈನಲ್ಲಿ ಎಚ್ಚರವಾಗಿಯೇ ಇರುತ್ತದೆ.